ಕೊಂದೆ ಹೂ ಹಳದಿ ಪೇಂಟ್ ಆಗಿದೆ, ರೇಸ್ ಕಾರು ನಿಂತ ಹಾಗಿದೆ. ಎಲ್ಲಿ ತಪ್ಪಿದೆ ಹೇಳಿ

ಗುಡ್ಡೆಮನೆ ಹುಡುಗ · ಮಾರ್ಚ್ 29

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನವನು, ಡಿಗ್ರಿ ಕೊನೆಯ ವರ್ಷ. ಅಣ್ಣ ಗಲ್ಫಿಗೆ ಹೋಗುವಾಗ ಬಿಟ್ಟುಹೋದ ಹಳೆಯ ನಿಕಾನ್ ಡಿಎಸ್‌ಎಲ್‌ಆರ್ ಒಂದು ಉಂಟು, ಅದರ ಜೊತೆ 18-55 ಮತ್ತು 70-300 ಲೆನ್ಸು. ಎರಡು ವರ್ಷದಿಂದ ತೆಗೆಯುತ್ತಿದ್ದೇನೆ. ಯಾರೂ ಕಲಿಸಿದ್ದಲ್ಲ, ಬಟನ್ ಒತ್ತಿ ಒತ್ತಿ ಕಲಿತದ್ದು.

ಕಾಲೇಜಿನಲ್ಲಿ ಇದೇ ಕೊನೆಯ ಮಾರ್ಚ್ ಅಲ್ವಾ, ಹಾಗಾಗಿ ತಿಂಗಳು ಪೂರ್ತಿ ಕ್ಯಾಂಪಸ್ಸಿನ ಪಟ ತೆಗೆದೆ. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ, ಒಣಗಿ ಚಿನ್ನದ ಬಣ್ಣಕ್ಕೆ ತಿರುಗಿದ ಮುಳಿಹುಲ್ಲು, ಗೇರು ಮರದ ಕೆಂಪು ಚಿಗುರು, ಮೆಟ್ಟಿಲ ಪಕ್ಕದ ಕೊಂದೆ ಮರ. ಕೊಂದೆ ಈಗ ಮೈತುಂಬ ಹೂ ಬಿಟ್ಟಿದೆ, ಒಂದು ಎಲೆ ಇಲ್ಲ. ಕಣ್ಣಿಗೆ ಅಷ್ಟು ಚಂದ ಕಾಣುವ ಹೂವು ಪಟದಲ್ಲಿ ಯಾರೋ ಹಳದಿ ಪೇಂಟ್ ಡಬ್ಬಿ ಚೆಲ್ಲಿದ ಹಾಗೆ ಬರುತ್ತದೆ. ಎಸಳೇ ಕಾಣುವುದಿಲ್ಲ.

ಇನ್ನೊಂದು ಕಥೆ ರೇಸ್ ಕಾರಿನದ್ದು. ಕಳೆದ ವರ್ಷ ಮಳೆ ನಿಂತ ಮೇಲೆ ಕೊಯಮತ್ತೂರಿನಲ್ಲಿರುವ ಮಾವನ ಮಗನ ರೂಮಿಗೆ ಹೋಗಿದ್ದೆ. ಇಂಟರ್‌ಸಿಟಿ ಹತ್ತಿದರೆ ಸಂಜೆಗೆ ಅಲ್ಲಿ. ಅವನು ಕರಿ ಮೋಟಾರ್ ಸ್ಪೀಡ್‌ವೇಗೆ ಕರೆದುಕೊಂಡು ಹೋದ. (ಕರಿ ಅಂದರೆ ಕಪ್ಪು, ಟಾರು ಕಪ್ಪಲ್ವಾ, ಅದಕ್ಕೆ ಆ ಹೆಸರು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಎಸ್. ಕರಿವರ್ಧನ್ ಅಂತ ರೇಸ್ ಕಾರು ಕಟ್ಟುತ್ತಿದ್ದವರ ಹೆಸರಂತೆ.) ಆರುನೂರು ಚಿಲ್ಲರೆ ಪಟ ತೆಗೆದೆ. 300 ಎಂಎಂ ಝೂಮ್, ಶಟರ್ ತೆರೆದದ್ದು ಸೆಕೆಂಡಿನ 1/2000 ಪಾಲು. ಎಲ್ಲಾ ಶಾರ್ಪ್. ಆದರೆ ಕಾರು ಓಡುತ್ತಲೇ ಇಲ್ಲ! ಅಮ್ಮ ನೋಡಿ, ಇದನ್ನು ಶೋರೂಮಿನಲ್ಲಿ ತೆಗೆದದ್ದಾ ಅಂತ ಕೇಳಿದಳು. ಅದೂ ಅಲ್ಲದೆ ಅರ್ಧಕ್ಕರ್ಧ ಪಟದಲ್ಲಿ ಕಾರಿಗೆ ಮೂಗೇ ಇಲ್ಲ.

ಹತ್ತು ಪಟ ಹಾಕಿದ್ದೇನೆ. ಬೈದರೂ ಪರವಾಗಿಲ್ಲ.

ಸ್ಟುಡಿಯೋ ಮಾಮ · ಮಾರ್ಚ್ 29

ಬೈಯುವಂಥದ್ದು ಏನೂ ಇಲ್ಲ ಮಾರಾಯ, ಒಂದನೇದು ಮತ್ತು ಮುಳಿಹುಲ್ಲಿನದ್ದು ನನಗೆ ತುಂಬಾ ಹಿಡಿಸಿತು.

ಕಾರಿನ ವಿಷಯಕ್ಕೆ ಬಾ. ಗಂಟೆಗೆ 150 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ನಿನ್ನ 1/2000ದಲ್ಲಿ ಕಾರು ಮುಂದೆ ಹೋಗುವುದು ಬರೀ ಎರಡು ಸೆಂಟಿಮೀಟರ್. ಚಕ್ರ ತಿರುಗಿದ್ದು ಕಾಣುವುದಾದರೂ ಹೇಗೆ? ಟಯರ್ ಮೇಲಿನ ಅಕ್ಷರ ಓದಲು ಬರುತ್ತದೆ ಅಂದರೆ ಕಾರು ನಿಂತಿದೆ ಅಂತಲೇ ಲೆಕ್ಕ. 1/125ಕ್ಕೆ ಇಳಿಸು. ಆಗ ಕಾರು ಒಂದಡಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಚಕ್ರ ಸುಮಾರು ಐದನೇ ಒಂದು ಸುತ್ತು ತಿರುಗುತ್ತದೆ. ಅಷ್ಟಾದರೆ ಕಡ್ಡಿಗಳು ಕರಗಿ ಚಕ್ರ ಚಕ್ರದ ಹಾಗೆ ಕಾಣುತ್ತದೆ.

ನಾನು ಮೂವತ್ತು ವರ್ಷದಿಂದ ಮದುವೆ ಪಟ ತೆಗೆಯುವವನು. ನಮ್ಮಲ್ಲಿ ಓಡುವವರು ಊಟದ ಹಾಲಿನ ಬಡಿಸುವ ಹುಡುಗರು ಮಾತ್ರ, ಅವರಿಗೂ ಇದೇ ಲೆಕ್ಕ.

ಗುಡ್ಡೆಮನೆ ಹುಡುಗ · ಮಾರ್ಚ್ 29

ಮಾಮ, 1/125 ಕೂಡ ನೋಡಿದ್ದೆ. ಆಗ ಕಾರೂ ಇಲ್ಲ, ಟ್ರ್ಯಾಕೂ ಇಲ್ಲ, ಬರೀ ಬಣ್ಣದ ಗೆರೆ. ನಾಚಿಕೆಯಾಗಿ ಆ ಪಟ ಹಾಕಲಿಲ್ಲ.

ಟಯರ್ ವಾಸನೆ · ಮಾರ್ಚ್ 30

ಯಾಕೆಂದರೆ ನೀನು ಕ್ಯಾಮರಾ ಹಿಡಿದು ನಿಂತಿದ್ದೆ, ಕಾರು ಹೋಯಿತು. ಕಾರಿನ ಜೊತೆ ನೀನೂ ತಿರುಗಬೇಕು. ಅದೇ ಪ್ಯಾನಿಂಗ್. ಹಿನ್ನೆಲೆ ಗೆರೆ ಗೆರೆಯಾಗಿ ಹರಿದು ಕಾರು ಮಾತ್ರ ನಿಂತರೆ ಪಟ ಬಂತು ಅಂತ.

ನಾನೂ ಆ ಕಡೆಯವನೇ, ಪೆರ್ಲ. ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ಸ್ಪರ್ಧೆ) ತಂಡದಲ್ಲಿದ್ದೆ, ಫಾರ್ಮುಲಾ ಭಾರತ್‌ಗೆ ಇದೇ ಕರಿ ಟ್ರ್ಯಾಕಿಗೆ ಹೋಗಿದ್ದೇವೆ. ನನಗೆ ಸ್ಪಾನರಿಗಿಂತ ಕ್ಯಾಮರಾ ಜಾಸ್ತಿ ಒಗ್ಗಿತು ಅಂತ ತಂಡದವರು ಕಂಡುಕೊಂಡ ಮೇಲೆ ಪಟ ತೆಗೆಯುವುದೇ ನನ್ನ ಕೆಲಸ ಆಯಿತು.

ಅಭ್ಯಾಸಕ್ಕೆ ಕೊಯಮತ್ತೂರಿಗೆ ಹೋಗಬೇಕಾಗಿಲ್ಲ. ಲೆಕ್ಕ ಹೇಳುತ್ತೇನೆ, ನೋಡು. ನಿನ್ನ ಸೊಂಟ ಎಷ್ಟು ಬೇಗ ತಿರುಗಬೇಕು ಅನ್ನುವುದು ಕಾರಿನ ವೇಗ ಒಂದರಿಂದಲೇ ಗೊತ್ತಾಗುವುದಲ್ಲ. ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೋ ಅದನ್ನು ನಿನ್ನಿಂದ ಅದು ಇರುವ ದೂರದಿಂದ ಭಾಗಿಸಬೇಕು. 150ರಲ್ಲಿ ಹೋಗುವ ಕಾರು 40 ಮೀಟರ್ ದೂರದಲ್ಲಿದ್ದರೆ 42 ಭಾಗಿಸು 40, ಸುಮಾರು ಒಂದು ರೇಡಿಯನ್ (ಕೋನದ ಅಳತೆ). ಅಂದರೆ ಎದುರಿಗೆ ಬಂದ ಗಳಿಗೆಯಲ್ಲಿ ಸೆಕೆಂಡಿಗೆ ಅರುವತ್ತು ಡಿಗ್ರಿ ತಿರುಗಬೇಕು.

ಈಗ ಕಂಬಳಕ್ಕೆ ಬಾ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಟ್ರ್ಯಾಕ್) 13.62 ಸೆಕೆಂಡಿನಲ್ಲಿ ಓಡಿದ್ದು ನೆನಪುಂಟಲ್ಲ. ಸೆಕೆಂಡಿಗೆ ಹತ್ತೂವರೆ ಮೀಟರ್ ಹತ್ತಿರ. ಕರೆಯಿಂದ ಹತ್ತು ಮೀಟರ್ ದೂರದಲ್ಲಿ ನಿಂತರೆ ಅದೂ ಒಂದೇ! ಕ್ಯಾಮರಾಕ್ಕೆ ಕೋಣವೂ ರೇಸ್ ಕಾರೂ ಒಂದೇ ವೇಗ. ಕೋಣ ಇನ್ನೂ ಕಷ್ಟ, ಏಕೆಂದರೆ ಅದು ಮೇಲೆ ಕೆಳಗೆ ಹಾರುತ್ತದೆ, ಕೆಸರು ನೀರು ಬೇರೆ ಎದುರಿಗೆ ಬರುತ್ತದೆ. ಕಾರು ಪಾಪ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ.

ಕಂಬಳ ಇಲ್ಲದ ಕಾಲದಲ್ಲಿ ಆಟೋ ಉಂಟಲ್ಲ. 30ರಲ್ಲಿ ಹೋಗುವ ಆಟೋ, ಎಂಟು ಮೀಟರ್ ದೂರ. ಮತ್ತೆ ಅದೇ ಒಂದು.

ಮೊಬೈಲ್ ಮಾತ್ರ · ಮಾರ್ಚ್ 30

ಕಾಸರಗೋಡು ಮಂಗಳೂರು ಬಸ್ಸಿಗೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಪ್ಯಾನ್ ಮಾಡಲು ಹೋದರೆ ಕುತ್ತಿಗೆ ಉಳುಕುತ್ತದೆ 😄

ಗುಡ್ಡೆಮನೆ ಹುಡುಗ · ಮಾರ್ಚ್ 30

ಪೆರ್ಲದ ಅಣ್ಣ, ಈ ಕೋಣದ ಲೆಕ್ಕ ಓದಿ ತಲೆ ತಿರುಗಿತು. ಇದು ಮೊದಲೇ ಗೊತ್ತಿದ್ದರೆ ರೈಲು ಟಿಕೆಟ್ ಉಳಿಯುತ್ತಿತ್ತು. ಮೂಗು ತುಂಡಾಗುವುದಕ್ಕೆ ಏನು ಮಾಡಲಿ?

ಟಯರ್ ವಾಸನೆ · ಮಾರ್ಚ್ 30

ಝೂಮ್ ಕಡಿಮೆ ಮಾಡು. ನಿನ್ನ ಕ್ಯಾಮರಾದ ಸೆನ್ಸರ್ ಅಗಲ 23.5 ಎಂಎಂ. 300ರಲ್ಲಿ 40 ಮೀಟರ್ ದೂರದಲ್ಲಿ ಫ್ರೇಮಿಗೆ ಹಿಡಿಯುವುದು ಮೂರು ಮೀಟರ್ ಚಿಲ್ಲರೆ. ಫಾರ್ಮುಲಾ ಕಾರು ಅದಕ್ಕಿಂತ ಉದ್ದ. ಮೂಗಾದರೂ ಹೋಗಬೇಕು, ಬಾಲವಾದರೂ ಹೋಗಬೇಕು. 200ಕ್ಕೆ ಬಂದರೆ ನಾಲ್ಕೂಮುಕ್ಕಾಲು ಮೀಟರ್ ಸಿಗುತ್ತದೆ, ಕಾರಿನ ಮುಂದೆ ಸ್ವಲ್ಪ ಖಾಲಿ ಜಾಗವೂ ಉಳಿಯುತ್ತದೆ. ಓಡುವ ವಸ್ತುವಿಗೆ ಮುಂದೆ ಜಾಗ ಬಿಡಬೇಕು, ಇಲ್ಲದಿದ್ದರೆ ಗೋಡೆಗೆ ಗುದ್ದುವ ಹಾಗೆ ಕಾಣುತ್ತದೆ.

ನಿಲ್ಲುವ ಕ್ರಮ ಹೇಳುತ್ತೇನೆ, ಇದನ್ನು ನಾನು ತುಂಬಾ ತಡವಾಗಿ ಕಲಿತದ್ದು. ಪಟ ಎಲ್ಲಿ ಬೇಕೋ ಆ ಕಡೆ ಪಾದ ಇಡು. ಆಮೇಲೆ ಸೊಂಟ ಮಾತ್ರ ಕಾರು ಬರುವ ಕಡೆಗೆ ತಿರುಗಿಸು. ಮೊಣಕೈ ಎದೆಗೆ ಒತ್ತಿ ಹಿಡಿ. ದೂರದಲ್ಲೇ ಫೋಕಸ್ ಹಿಡಿದುಕೋ, ನಿರಂತರ ಫೋಕಸ್‌ನಲ್ಲಿರಲಿ, ಎದುರು ಬಂದಾಗ ಒತ್ತು. ಒತ್ತಿದ ಮೇಲೆ ನಿಲ್ಲಬೇಡ. ಎಲ್ಲರೂ ತಪ್ಪುವುದು ಇಲ್ಲಿಯೇ. ಕ್ಲಿಕ್ ಆದ ಕೂಡಲೇ ಕೈ ನಿಂತುಬಿಡುತ್ತದೆ, ಪಟದ ಬಾಲ ಅಲ್ಲಾಡುತ್ತದೆ. ಕ್ರಿಕೆಟಿನಲ್ಲಿ ಬ್ಯಾಟ್ ಚೆಂಡಿಗೆ ತಾಗಿದ ಮೇಲೂ ತಿರುಗುತ್ತದಲ್ಲ, ಹಾಗೆ. ಮೊದಲು 1/320ರಲ್ಲಿ ಶುರು ಮಾಡು, ಕೈ ಕುದುರಿದ ಮೇಲೆ 1/250, 1/160, 1/125. ನೇರ 1/60ಕ್ಕೆ ಹಾರಿದರೆ ಅಳು ಬರುತ್ತದೆ.

ಸ್ಟುಡಿಯೋ ಮಾಮ · ಮಾರ್ಚ್ 30

ಒಂದು ವಿಷಯ ಬಿಟ್ಟುಹೋಯಿತು. ಬಿರುಬಿಸಿಲಿನಲ್ಲಿ ಐಎಸ್‌ಒ 100 ಇಟ್ಟರೂ 1/125ಕ್ಕೆ ಅಪರ್ಚರ್ (ಲೆನ್ಸಿಗೆ ಬೆಳಕು ಬರುವ ಕಿಂಡಿ) ಕಿರಿದಾಗಿ ಎಫ್ 16ರ ಹತ್ತಿರ ಹೋಗುತ್ತದೆ. ಎಫ್ 16ರಲ್ಲಿ ಎರಡು ಉಪದ್ರ. ಎದುರಿನ ತಂತಿ ಬೇಲಿ ಎದ್ದು ಕಾಣುತ್ತದೆ. ಸೆನ್ಸರ್ ಮೇಲಿನ ಧೂಳೂ ಕಾಣುತ್ತದೆ. ನಮ್ಮೂರಿನ ಕೆಂಪು ಮಣ್ಣಿನ ಧೂಳು ಗೊತ್ತಲ್ಲ, ಲೆನ್ಸ್ ಬದಲಿಸುವಾಗ ಒಂದು ಸಲ ಒಳಗೆ ಹೋದರೆ ಪ್ರತಿ ಪಟದ ಆಕಾಶದಲ್ಲೂ ಒಂದು ಕಪ್ಪು ಬೊಟ್ಟು. ನಿನ್ನ ಆರನೇ ಪಟದಲ್ಲಿ ಬಲಗಡೆ ಮೇಲೆ ನೋಡು, ಅದು ಹಕ್ಕಿ ಅಲ್ಲ.

ಎನ್‌ಡಿ 8 ಫಿಲ್ಟರ್ ಹಾಕಿದರೆ ಮೂರು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆದ ಹಾಗೆ), ಎಫ್ 5.6ಕ್ಕೆ ಬರಬಹುದು. ಲೆನ್ಸನ್ನು ಬೇಲಿಗೆ ತಾಗುವಷ್ಟು ಹತ್ತಿರ ಇಟ್ಟರೆ ತಂತಿ ಪೂರಾ ಕರಗಿ ಹೋಗುತ್ತದೆ. ದುಡ್ಡು ಒಂದೇ ಫಿಲ್ಟರಿಗೆ ಸಾಕಾಗುವಷ್ಟು ಇದ್ದರೆ ಪೋಲರೈಸರ್ ತೆಗೆದುಕೋ. ಅದು ಒಂದೂವರೆ ಎರಡು ಸ್ಟಾಪ್ ತಿನ್ನುತ್ತದೆ, ಎಲೆಯ ಮೇಲಿನ ಬಿಳಿ ಹೊಳಪನ್ನೂ ತೆಗೆಯುತ್ತದೆ. ಕಾರಿಗೂ ಆಯಿತು, ಕಾಲೇಜಿನ ಮರಕ್ಕೂ ಆಯಿತು.

ಚಂದ್ರಗಿರಿ ದಡ · ಮಾರ್ಚ್ 31

ಕಾರು ನನಗೆ ಗೊತ್ತಿಲ್ಲ. ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು, ಹೂವಿನ ಬಗ್ಗೆ ಹೇಳುತ್ತೇನೆ.

ಕೊಂದೆಗೆ ಕಕ್ಕೆ ಅಂತಲೂ ಹೇಳುತ್ತಾರೆ, ಮಲಯಾಳದಲ್ಲಿ ಕಣಿಕೊನ್ನ, ಕೇರಳದ ರಾಜ್ಯ ಹೂವು. ಅದರ ಗೊಂಚಲು ಕೆಳಗೆ ಜೋತಾಡುತ್ತದೆ, ಒಂದಡಿಗಿಂತ ಉದ್ದವೂ ಇರಬಹುದು. ನೀವು ತೆಗೆದದ್ದು ಮಧ್ಯಾಹ್ನ ಅಂತ ನೆರಳು ನೋಡಿದರೆ ಗೊತ್ತಾಗುತ್ತದೆ. ಕಾಸರಗೋಡು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ಸರೀ ನೆತ್ತಿಯ ಮೇಲೆ ಇರುತ್ತಾನೆ, ಕೊಡೆ ಕಂಬದ ನೆರಳು ಕೂಡ ಬೀಳುವುದಿಲ್ಲ. ಮಾರ್ಚ್ ಕೊನೆಯೆಂದರೆ ಅದಕ್ಕೆ ಹೆಚ್ಚು ದೂರವಿಲ್ಲ. ಮೇಲಿನ ಎಸಳಿಗೆ ಸುಡುವ ಬಿಸಿಲು, ಕೆಳಗಿನ ಎಸಳಿಗೆ ನೆರಳು. ಯಾವ ಕ್ಯಾಮರಾ ತಾನೇ ಏನು ಮಾಡೀತು?

ಬೆಳಿಗ್ಗೆ ಏಳೂವರೆಗೆ ಹೋಗಿ. ಮರವನ್ನು ನಿಮ್ಮ ಮತ್ತು ಸೂರ್ಯನ ನಡುವೆ ಇಟ್ಟುಕೊಳ್ಳಿ. ಆ ಎಸಳು ಎಷ್ಟು ತೆಳು ಅಂದರೆ ಬೆಳಕು ಹಿಂದಿನಿಂದ ತೂರಿ ಬರುತ್ತದೆ, ನರಗಳು ಒಂದೊಂದೂ ಕಾಣುತ್ತವೆ. ಒಂದು ಎಸಳನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಒಮ್ಮೆ ನೋಡಿದರೆ ಮತ್ತೆ ಮಧ್ಯಾಹ್ನ ಕ್ಯಾಮರಾ ಎತ್ತುವುದಿಲ್ಲ.

ಸ್ಟುಡಿಯೋ ಮಾಮ · ಮಾರ್ಚ್ 31

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳದಿ ಅಂದರೆ ಕ್ಯಾಮರಾಕ್ಕೆ ಕೆಂಪು ಮತ್ತು ಹಸಿರು ಎರಡೂ ತುಂಬಿದ ಹಾಗೆ, ನೀಲಿ ಖಾಲಿ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಪಟದಲ್ಲಿ ಬೆಳಕು ಎಷ್ಟು ಅಂತ ಕ್ಯಾಮರಾ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿ ಉಂಟು ಅನ್ನಿಸುತ್ತದೆ, ಆದರೆ ಕೆಂಪು ಆಗಲೇ ತುಂಬಿ ಚೆಲ್ಲಿರುತ್ತದೆ. ಚೆಲ್ಲಿದ ಜಾಗದಲ್ಲಿ ಎಸಳಿನ ಗೆರೆ ಇರುವುದಿಲ್ಲ, ಪೇಂಟ್ ಮಾತ್ರ. ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಇಡು, ಎಕ್ಸ್‌ಪೋಶರ್ ಮೈನಸ್ 0.7 ಮಾಡು, ರಾ (ಕ್ಯಾಮರಾ ತಿದ್ದದೆ ಇಡುವ ಫೈಲ್) ದಲ್ಲಿ ತೆಗೆ. ಮದುವೆಯಲ್ಲಿ ಅರಿಶಿನದ ದಿನ ನಮಗೆ ಇದೇ ಕಷ್ಟ.

ಮೊಬೈಲ್ ಮಾತ್ರ · ಮಾರ್ಚ್ 31

ನನ್ನ ಫೋನ್ ಬೇಡ ಅಂದರೂ ಬಣ್ಣ ಏರಿಸುತ್ತದೆ. ಕೇಪುಳ ಹೂವು ತೆಗೆದರೆ ಬೆಂಕಿ ಬಿದ್ದ ಹಾಗೆ ಬರುತ್ತದೆ. ಪೋರ್ಟ್ರೇಟ್ ಮೋಡ್ ಹಾಕಿದರೆ ಅರ್ಧ ಎಸಳನ್ನು ಅದೇ ಅಳಿಸಿ ಹಾಕುತ್ತದೆ. ಏನಾದರೂ ಉಪಾಯ ಉಂಟಾ?

ಸ್ಟುಡಿಯೋ ಮಾಮ · ಮಾರ್ಚ್ 31

ಹೂವಿನ ಮೇಲೆ ಬೆರಳು ಒತ್ತಿ ಹಿಡಿ, ಪಕ್ಕದಲ್ಲಿ ಸೂರ್ಯನ ಚಿಹ್ನೆ ಬರುತ್ತದೆ, ಅದನ್ನು ಕೆಳಗೆ ಎಳೆ. ಪೋರ್ಟ್ರೇಟ್ ಬೇಡ, ಹತ್ತಿರ ಹೋಗು, ಸಾಕು.

ರೆಂಜೆಹೂ · ಏಪ್ರಿಲ್ 1

ಎಲ್ಲರೂ ಶಟರು ಅಪರ್ಚರು ಅಂತ ಹೇಳುತ್ತಿದ್ದೀರಿ. ಏಳನೇ ಪಟ ಯಾರೂ ಸರಿಯಾಗಿ ನೋಡಿಲ್ಲವಾ? ಕೊಂದೆ ಮರದ ಕೆಳಗೆ ಮೆಟ್ಟಿಲ ಮೇಲೆ ಮೂವರು ಹುಡುಗಿಯರು ಕೂತಿದ್ದಾರೆ, ಒಬ್ಬಳು ಬಾಯಿಗೆ ತುತ್ತು ಇಡುತ್ತಿದ್ದಾಳೆ. 70-300ರಲ್ಲಿ ದೂರದಿಂದ ತೆಗೆದದ್ದು. ತಮ್ಮ, ಅವರನ್ನು ಕೇಳಿದ್ದೀಯಾ?

ನಾನು ಎಂ.ಎ. ಮಾಡುವಾಗ ನನ್ನದೇ ಒಂದು ಪಟ ಹೀಗೆ ಯಾರದ್ದೋ ಸ್ಟೇಟಸ್‌ನಲ್ಲಿ ನೋಡಿದೆ. ಪಟ ಚಂದ ಇತ್ತು, ಅದು ಬೇರೆ ಮಾತು. ಎರಡು ವಾರ ಆ ಮರದ ಕೆಳಗೆ ಕೂರಲು ಮನಸ್ಸಾಗಲಿಲ್ಲ.

ಸ್ಟುಡಿಯೋ ಮಾಮ · ಏಪ್ರಿಲ್ 1

ಕೇಳಿದರೆ ಎಲ್ಲರೂ ನೆಟ್ಟಗೆ ಕೂತು ಹಲ್ಲು ತೋರಿಸುತ್ತಾರಲ್ಲಮ್ಮ, ಸಹಜವಾಗಿ ಬರುವುದಿಲ್ಲ. ಅದೊಂದು ಕಷ್ಟ ಉಂಟು.

ರೆಂಜೆಹೂ · ಏಪ್ರಿಲ್ 1

ಕಷ್ಟ ಉಂಟು ಮಾಮ, ಒಪ್ಪಿದೆ. ತೆಗೆದ ಮೇಲೆ ಹೋಗಿ ತೋರಿಸಬಹುದಲ್ಲ? ಬೇಡ ಅಂದರೆ ಅಳಿಸುವುದು. ಮದುವೆಗೆ ನಿಮ್ಮನ್ನು ಕರೆದು ದುಡ್ಡು ಕೊಟ್ಟು ತೆಗೆಸುತ್ತಾರೆ. ಇಲ್ಲಿ ಯಾರೂ ಕರೆದಿಲ್ಲ.

ಗುಡ್ಡೆಮನೆ ಹುಡುಗ · ಏಪ್ರಿಲ್ 1

ಅಕ್ಕ, ಕೇಳಿರಲಿಲ್ಲ. ತೆಗೆದುಹಾಕಿದ್ದೇನೆ. ಅವರಲ್ಲಿ ಒಬ್ಬಳು ನಮ್ಮ ಪಕ್ಕದ ಕ್ಲಾಸಿನವಳು, ನಾಳೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದೇ ನನ್ನ ಒಳ್ಳೆಯ ಪಟ ಅಂತ ಅಂದುಕೊಂಡಿದ್ದೆ.

ಮೊಬೈಲ್ ಮಾತ್ರ · ಏಪ್ರಿಲ್ 1

ಕ್ಯಾಂಪಸ್ ಅಂದಾಗ ನೆನಪಾಯಿತು. ಹೋದ ವರ್ಷ ಒಂದು ಕಾಲೇಜಿನ ಗೇಟಿನ ಹತ್ತಿರ (ಯಾವುದು ಅಂತ ಹೇಳುವುದಿಲ್ಲ) ನಾನು ಫೋನಿನಲ್ಲಿ ಬರೀ ಗುಲ್‌ಮೊಹರ್ ಮರ ತೆಗೆಯುತ್ತಿದ್ದೆ. ವಾಚ್‌ಮನ್ ಬಂದು ಪರ್ಮಿಶನ್ ಉಂಟಾ ಅಂತ ಮಲಯಾಳದಲ್ಲಿ ಕೇಳಿದ, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಅವನು ತುಳುವಿನಲ್ಲಿ ಬೈದ. ನಮ್ಮ ಜಿಲ್ಲೆಯಲ್ಲಿ ಬೈಗುಳಕ್ಕೂ ಮೂರು ಭಾಷೆ. ಕೊನೆಗೆ ಅವನದ್ದೇ ಒಂದು ಪಟ ತೆಗೆದು ಕಳಿಸಿಕೊಟ್ಟೆ, ಈಗ ಅದೇ ಅವನ ವಾಟ್ಸಾಪ್ ಡಿಪಿ.

ಚಂದ್ರಗಿರಿ ದಡ · ಏಪ್ರಿಲ್ 2

ಕಚೇರಿಗೆ ಒಂದು ಅರ್ಜಿ ಬರೆದು ಸೀಲ್ ಹಾಕಿಸಿಕೊಂಡರೆ ಈ ತಂಟೆ ಇಲ್ಲ. ಹೊರಗಿನವರಿಗಂತೂ ಅದು ಬೇಕು.

ನಮ್ಮಲ್ಲಿ ವಸಂತ ಎಲ್ಲಿ ಚಂದ ಅಂತ ಕೇಳಿದರೆ ನಾನು ಮೂರು ಜಾಗ ಹೇಳುತ್ತೇನೆ. ವಿದ್ಯಾನಗರದ ಸರಕಾರಿ ಕಾಲೇಜು, 1957ರದ್ದು, ಹಳೆಯ ಮರಗಳ ನೆರಳು. ಮಂಜೇಶ್ವರದ ಗೋವಿಂದ ಪೈ ಕಾಲೇಜು. ಮೂರನೆಯದು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ. 2009ರಲ್ಲಿ ಶುರುವಾದದ್ದು, ಮುರಕಲ್ಲಿನ ಪದವಿನ (ಎತ್ತರದ ಬಯಲಿನ) ಮೇಲೆ. ಕೆಲವರು ಅಲ್ಲಿ ಏನೂ ಇಲ್ಲ ಅನ್ನುತ್ತಾರೆ. ಬೆಳಿಗ್ಗೆ ಆ ಪದವಿನಲ್ಲಿ ಮುಳಿಹುಲ್ಲು ಬಾಗುವುದನ್ನು ನೋಡಿದವರು ಹಾಗೆ ಹೇಳಲಾರರು. ಪೇಪರಿನವರು ವಸಂತ ಅಂದ ಕೂಡಲೇ ಎಲ್ಲಿಯದ್ದೋ ಗುಲಾಬಿ ಬಣ್ಣದ ಮರ ಹಾಕುತ್ತಾರೆ. ನಮ್ಮ ವಸಂತಕ್ಕೆ ಬೆವರು ಉಂಟು, ಗೇರು ಹೂವಿನ ವಾಸನೆ ಉಂಟು.

ಟಯರ್ ವಾಸನೆ · ಏಪ್ರಿಲ್ 2

ಮಾಷ್ಟ್ರೆ, ಆ ವಾಸನೆ ಓದಿ ಊರಿಗೆ ಬರಬೇಕು ಅನ್ನಿಸಿತು.

ಹುಡುಗ, ಇನ್ನೊಂದು ಮಾತು. ರೇಸ್ ದಿನ ಬೇಲಿ ಬದಿಯೇ ನಿಂತಿರಬೇಡ. ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಓಟಕ್ಕಿಂತ ಮೊದಲಿನ ಪಟ ಜಾಸ್ತಿ ಚಂದ. ಕಾರನ್ನು ಒಂದು ಹಲಗೆಗೆ ಕಟ್ಟಿ ಅರುವತ್ತು ಡಿಗ್ರಿ ವಾಲಿಸುತ್ತಾರೆ, ಇಂಧನ ಸೋರಬಾರದು, ಚಕ್ರ ಏಳಬಾರದು. ಆ ಗಳಿಗೆಯಲ್ಲಿ ಕಾರನ್ನು ಯಾರೂ ನೋಡುವುದಿಲ್ಲ, ನೆಲ ನೋಡುತ್ತಾರೆ, ಒಂದು ಹನಿ ಬಿತ್ತಾ ಅಂತ. ನಮ್ಮ ತಂಡದ ಹುಡುಗಿ ಒಬ್ಬಳು ಮಂಡಿಯೂರಿ ಕೂತು ನೆಲ ನೋಡುವ ಪಟ ನನ್ನ ಹತ್ತಿರ ಉಂಟು, ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. (ಕೇಳಿಯೇ ಇಟ್ಟುಕೊಂಡದ್ದು ಅಕ್ಕ.) ಎಂಡ್ಯೂರೆನ್ಸ್ ಅಂತ 22 ಕಿ.ಮೀ. ಆಸುಪಾಸಿನ ಓಟ ಉಂಟು, ಎಷ್ಟೋ ಕಾರು ಅದರ ಮಧ್ಯೆಯೇ ನಿಂತುಬಿಡುತ್ತವೆ. ನಮ್ಮದೂ ನಿಂತಿತು. ಆಗ ತಂಡದವರ ಮುಖ ತೆಗೆಯಲು ನನಗೆ ಮನಸ್ಸು ಬರಲಿಲ್ಲ, ಕಿತ್ತಳೆ ಬಣ್ಣದ ಕೋನುಗಳನ್ನು ತೆಗೆದೆ.

ಸ್ಟುಡಿಯೋ ಮಾಮ · ಏಪ್ರಿಲ್ 2

ಕೋನಿನ ಪಟವೇ ಒಳ್ಳೆಯದಿರಬಹುದು, ಹಾಕು.

ಮತ್ತೆ, ಹುಡುಗ, ಜೂನ್ ಬಂದರೆ ಆ ಲೆನ್ಸನ್ನು ಬಟ್ಟೆ ಕಪಾಟಿನಲ್ಲಿ ಇಡಬೇಡ. ನನ್ನ ಒಂದು 50 ಎಂಎಂ ಒಂದೇ ಮಳೆಗಾಲದಲ್ಲಿ ಹೋಯಿತು, ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕು. ಅಡುಗೆಯ ಬಾಣಲೆ ಬೇಡ, ನನಗೆ ಮನೆಯಲ್ಲಿ ಸಿಕ್ಕಿದ ಮಂಗಳಾರತಿ ನಿನಗೆ ಬೇಡ.

ಗುಡ್ಡೆಮನೆ ಹುಡುಗ · ಏಪ್ರಿಲ್ 9

ವರದಿ. ನಮ್ಮ ಬಸ್‌ಸ್ಟಾಪಿನ ಹತ್ತಿರ ಅಂಗಡಿ ಜಗಲಿ ಉಂಟು, ರಸ್ತೆಯಿಂದ ಎಂಟು ಹತ್ತು ಮೀಟರ್ ಒಳಗೆ. ಅಲ್ಲಿಂದ ನಾಲ್ಕು ಸಂಜೆ ಆಟೋ, ಬೈಕು, ಮೀನಿನ ಲಾರಿ ಎಲ್ಲಾ ತೆಗೆದೆ. 211 ಪಟ. 1/320ರಲ್ಲಿ ಅರ್ಧದಷ್ಟು ಸರಿ. 1/125ರಲ್ಲಿ ಒಂಬತ್ತು ಬಂದವು. ಒಂಬತ್ತು! ಕೈ ನಿಲ್ಲಿಸಬಾರದು ಅಂತ ಹೇಳಿದ್ದೇ ಸರಿ, ನಾನು ಪ್ರತಿ ಸಲ ನಿಲ್ಲಿಸುತ್ತಿದ್ದೆ, ಗೊತ್ತೇ ಆಗುತ್ತಿರಲಿಲ್ಲ. ಅಂಗಡಿಯವರು ಯಾರೋ ಸರ್ವೆ ಮಾಡಲು ಬಂದಿದ್ದಾರೆ ಅಂತ ತಿಳಿದು ಮೊದಲ ದಿನ ಚಹಾ ಕೊಟ್ಟರು, ಎರಡನೇ ದಿನದಿಂದ ದುಡ್ಡು ತೆಗೆದುಕೊಂಡರು.

ಪಕ್ಕದ ಕ್ಲಾಸಿನವಳಿಗೆ ಏಳನೇ ಪಟ ತೋರಿಸಿದೆ. ತಾನು ತಿನ್ನುವಾಗ ಹೀಗೆ ಕಾಣುತ್ತೇನಾ ಅಂತ ನಕ್ಕಳು. ತನಗೆ ಕಳಿಸು, ಬೇರೆ ಎಲ್ಲಿಯೂ ಹಾಕಬೇಡ ಅಂದಳು. ಹಾಗೇ ಮಾಡಿದೆ.

ಕೊಂದೆ ಮಾತ್ರ ಬಾಕಿ. ಪರೀಕ್ಷೆ ಉಂಟು, ಬಿಸು ಹಬ್ಬದ ಹಿಂದಿನ ಬೆಳಿಗ್ಗೆ ಹೋಗುತ್ತೇನೆ.

ಚಂದ್ರಗಿರಿ ದಡ · ಏಪ್ರಿಲ್ 9

ಬಿಸುವಿನ ತನಕ ಕಾಯಬೇಡಿ. ನಾಳೆಯೇ ಹೋಗಿ.

ಗುಡ್ಡೆಮನೆ ಹುಡುಗ · ಏಪ್ರಿಲ್ 16

ಮಾಷ್ಟ್ರೆ, ನೀವು ಯಾಕೆ ಹಾಗೆ ಹೇಳಿದಿರಿ ಅಂತ ಹೋದ ಮೇಲೆ ಗೊತ್ತಾಯಿತು. ಏಳೂವರೆಗೆ ಸರಿಯಾಗಿ ಕಾಲೇಜಿಗೆ ತಲುಪಿದೆ. ಮರದಲ್ಲಿ ಒಂದು ಗೊಂಚಲು ಇಲ್ಲ. ಬಿಸು ಕಣಿಗೆ (ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವುದಕ್ಕೆ) ಅಂತ ರಾತ್ರಿಯೇ ಎಲ್ಲಾ ಮುರಿದುಕೊಂಡು ಹೋಗಿದ್ದಾರೆ. ತುದಿಯಲ್ಲಿ ಕೈಗೆ ಎಟುಕದ ಎರಡು ಉಳಿದಿತ್ತು, ಅದನ್ನು ಹಿಂದಿನ ಬೆಳಕಿನಲ್ಲಿ, ಮೈನಸ್ 0.7ರಲ್ಲಿ ತೆಗೆದೆ. ನರ ಕಾಣುತ್ತದೆ. ಹನ್ನೊಂದನೇ ಪಟ.

ಬೇಜಾರಿನಲ್ಲಿ ಹೊರಗೆ ಬಂದು ಗೇಟಿನ ಎದುರು ನಿಂತಿದ್ದೆ. ಆಗ ಒಂದು ಆಟೋ ಬಂತು. ಪೇಟೆಗೆ ಮಾರಲು ಕೊಂಡುಹೋಗುವುದು ಇರಬೇಕು, ಹಿಂದೆ ಮೇಲೆ ಎಲ್ಲಾ ಕೊಂದೆ ಕೊಂಬೆ ಕಟ್ಟಿದ್ದಾರೆ, ಆಟೋ ಯಾವುದು ಹೂ ಯಾವುದು ಗೊತ್ತಾಗುವುದಿಲ್ಲ. ಯೋಚನೆ ಮಾಡಲು ಸಮಯ ಇರಲಿಲ್ಲ, ಕ್ಯಾಮರಾ ಎತ್ತಿ ಜೊತೆಗೆ ತಿರುಗಿದೆ. ಬಲ್ಬಿನ ಬೆಳಕಿಗೆ ಅಂತ ಹಿಂದಿನ ರಾತ್ರಿ ಇಟ್ಟಿದ್ದ ಶಟರ್ ಬದಲಿಸಿರಲಿಲ್ಲ, 1/60. ಹನ್ನೆರಡನೇ ಪಟ ನೋಡಿ.

ಟಯರ್ ವಾಸನೆ · ಏಪ್ರಿಲ್ 16

ಅಬ್ಬಾ! ಡ್ರೈವರಿನ ಕೈ, ಕನ್ನಡಿ, ಹೆಡ್‌ಲೈಟ್ ಎಲ್ಲಾ ನಿಂತಿದೆ. ಹಿಂದೆ ಆ ಹಳದಿ ಹರಿದುಹೋಗಿದೆ. ನಾನು ಎರಡು ವರ್ಷ ಟ್ರ್ಯಾಕಿನಲ್ಲಿ ನಿಂತು 1/60ರಲ್ಲಿ ಇಂಥದ್ದೊಂದು ತೆಗೆದಿಲ್ಲ.

ಸ್ಟುಡಿಯೋ ಮಾಮ · ಏಪ್ರಿಲ್ 16

ನಂಬರ್ ಪ್ಲೇಟ್ ಪೂರಾ ಓದಲು ಬರುತ್ತದೆ ಮಾರಾಯ. ಇದಕ್ಕಿಂತ ಶಾರ್ಪ್ ಬೇಡ. ದೊಡ್ಡದು ಪ್ರಿಂಟ್ ಹಾಕುವುದಾದರೆ ಸ್ಟುಡಿಯೋಗೆ ಬಾ, ಪೇಪರಿನ ದುಡ್ಡು ಮಾತ್ರ ಕೊಡು.

ರೆಂಜೆಹೂ · ಏಪ್ರಿಲ್ 16

ಚಂದ ಉಂಟು ತಮ್ಮ, ನಿಜವಾಗಿ. ಆದರೆ ಆ ಕೊಂಬೆ ಯಾವ ಕಾಲೇಜಿನ ಮರದ್ದು ಅಂತ ಯಾರಾದರೂ ಕೇಳುವ ಮೊದಲು ನಂಬರ್ ಪ್ಲೇಟ್ ಅಳಿಸಿ ಹಾಕು.